ತುಂಡುಬಟ್ಟೆಗಳಿಂದ ಲ್ಯಾಂಪ್‌ಶೇಡ್: ಬಟ್ಟೆಯ ಆಯ್ಕೆ, ಹೊಲಿಗೆಯ ನೆರಳು, ಬಲ್ಬಿನ ಬಿಸಿ

ಚಿಂದಿಗಂಟು:

ಹೊಲಿಗೆ ಮುಗಿದ ಮೇಲೆ ಉಳಿಯುವ ತುಂಡುಬಟ್ಟೆಗಳನ್ನು ಎಸೆಯದೆ ಕೂಡಿಡುತ್ತ ಬಂದಿದ್ದೇನೆ. ತೆಳು ಹತ್ತಿ, ಲಿನನ್, ಸ್ವಲ್ಪ ರೇಷ್ಮೆ ಇವೆ. ಯಾವ ನೂಲಿನದೆಂದು ನೋಡಿ ಹೇಳಲಾಗದ ಹೊಳಪಿನ ತುಂಡುಗಳೂ ಕೆಲವಿವೆ. ಎರಡು ಅಂಗೈಗಳಿಗಿಂತ ದೊಡ್ಡದು ಒಂದೂ ಇಲ್ಲ. ಮೇಜಿನ ದೀಪದ ಹಳೆಯ ಶೇಡ್ ಹರಿದುಹೋಗಿದೆ. ಅದರ ಬಟ್ಟೆಯನ್ನು ಬಿಚ್ಚಿ, ತಂತಿಯ ಚೌಕಟ್ಟನ್ನು ಉಳಿಸಿಕೊಂಡು, ಈ ತುಂಡುಗಳನ್ನೇ ಜೋಡಿಸಿ ಹೊಸ ಹೊದಿಕೆ ಮಾಡಬೇಕೆಂದಿದ್ದೇನೆ. ಕೆಳಗಿನ ಬಳೆಯ ವ್ಯಾಸ 30 ಸೆಂ.ಮೀ., ಮೇಲಿನ ಬಳೆಯದು 20 ಸೆಂ.ಮೀ.; ಇಳಿಜಾರಿನ ಗುಂಟ ಅಳೆದರೆ ಒಂದು ಬಳೆಯಿಂದ ಇನ್ನೊಂದಕ್ಕೆ 20 ಸೆಂ.ಮೀ. ಬರುತ್ತದೆ.

ಬಟ್ಟೆಯನ್ನು ಗಟ್ಟಿ ಹಾಳೆಗೆ ಅಂಟಿಸಿ ಸುತ್ತಬೇಕೋ, ಇಲ್ಲವೆ ಚೌಕಟ್ಟಿಗೇ ಹೊಲಿಯಬೇಕೋ ಎಂಬುದು ನನ್ನ ಮೊದಲ ಪ್ರಶ್ನೆ. ಬೇರೆ ಬೇರೆ ನೂಲಿನ, ಬೇರೆ ಬೇರೆ ದಪ್ಪದ ತುಂಡುಗಳನ್ನು ಒಟ್ಟಿಗೆ ಹೊಲಿದರೆ ದೀಪ ಹಚ್ಚಿದಾಗ ಹೇಗೆ ಕಾಣುತ್ತದೆ, ಬಲ್ಬಿನ ಬಿಸಿಗೆ ಯಾವ ಬಟ್ಟೆ ತಡೆಯುತ್ತದೆ ಎಂಬುದನ್ನೂ ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ನೂಲೆಳೆ:

ತುಂಡುಗಳನ್ನು ಆಯುವಾಗ ಮೇಜಿನ ಮೇಲೆ ಹರಡಿ ನೋಡಿದರೆ ಸಾಲದು. ಒಂದೊಂದನ್ನೂ ಉರಿಯುವ ದೀಪದ ಮುಂದೆ ಹಿಡಿದು ನೋಡಬೇಕು. ಹಗಲಿನಲ್ಲಿ ಒಂದೇ ಬಿಳುಪಾಗಿ ಕಾಣುವ ಎರಡು ಬಟ್ಟೆಗಳಲ್ಲಿ ಚಲುವೆ ಮಾಡದ ಹತ್ತಿ ದೀಪದ ಮುಂದೆ ನಸುಹಳದಿಯಾಗಿ ಬೆಳಗಿದರೆ, ಚಲುವೆ ಮಾಡಿದ ಹತ್ತಿ ಬರಿ ಬಿಳುಪಾಗಿಯೇ ಉಳಿಯುತ್ತದೆ. ಕಡುನೀಲಿ, ಕಡುಗೆಂಪು ಬಟ್ಟೆ ನೇಯ್ಗೆ ಬಿಗಿಯಾಗಿದ್ದರೆ ಕಪ್ಪಾಗಿಯೇ ಕಾಣುತ್ತದೆ. ಅದರ ಬಣ್ಣ ದೀಪ ಆರಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಲಿನನ್‌ನಲ್ಲಿ ಅಲ್ಲಲ್ಲಿ ದಪ್ಪಗಾಗುವ ಎಳೆಗಳು ಮಾತ್ರ ಬೆಳಕಿನಲ್ಲಿ ಬಹಳ ಚೆಲುವಾಗಿ ಎದ್ದು ಕಾಣುತ್ತವೆ. ಅದೇ ಬೆಳಕು ರಫೂ ಮಾಡಿದ ಜಾಗ, ಸವೆದ ಮೊಣಕೈ, ಬಿಚ್ಚಿದ ಹೊಲಿಗೆಯ ಸೂಜಿತೂತುಗಳ ಸಾಲು ಇವನ್ನೂ ಬಯಲು ಮಾಡುತ್ತದೆ. ಅವು ಬೇಡವೆನಿಸಿದರೆ ಕತ್ತರಿಸುವ ಮೊದಲೇ ಬಿಟ್ಟುಬಿಡಿ.

ಯಾವ ನೂಲೆಂದು ತಿಳಿಯದ ತುಂಡುಗಳಿಗೆ ಹಳೆಯ ಪರೀಕ್ಷೆಯೇ ಸಾಕು. ಬೆರಳಗಲದ ಚೂರನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ಬಟ್ಟಲಿಟ್ಟು, ಅಂಚಿಗೆ ಬೆಂಕಿ ತಾಗಿಸಿ. ಹತ್ತಿ ಮತ್ತು ಲಿನನ್ ಕಾಗದ ಸುಟ್ಟ ವಾಸನೆ ಬಿಟ್ಟು, ಮುಟ್ಟಿದರೆ ಪುಡಿಯಾಗುವ ಬೂದಿಯಾಗುತ್ತವೆ. ರೇಷ್ಮೆ ಮತ್ತು ಉಣ್ಣೆಯದು ಕೂದಲು ಸುಟ್ಟ ವಾಸನೆ. ಅವು ತಾವಾಗಿಯೇ ಆರಿಹೋಗುವುದೂ ಉಂಟು. ಪಾಲಿಯೆಸ್ಟರ್ ಮತ್ತು ನೈಲಾನ್ ಕುಗ್ಗಿ ಕರಗಿ ಗಟ್ಟಿ ಮಣಿಯಾಗುತ್ತವೆ, ಕರಗಿದ ಹನಿ ಚರ್ಮಕ್ಕೆ ಅಂಟಿದರೆ ಆಳವಾಗಿ ಸುಡುತ್ತದೆ. ನಿಮ್ಮ ಹೊಳಪಿನ ತುಂಡುಗಳು ಈ ಕೊನೆಯ ಗುಂಪಿನವಾಗಿದ್ದರೆ ಈ ಕೆಲಸಕ್ಕೆ ಬಳಸಬೇಡಿ ಎಂಬುದು ನನ್ನ ಸಲಹೆ. ಅವು ಕರಗುವುದು 250 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಾದರೂ, ಅದಕ್ಕಿಂತ ಬಹಳ ಮೊದಲೇ ಮೆದುವಾಗಿ ಸೊಟ್ಟಗಾಗುತ್ತವೆ. ಹತ್ತಿಗೆ ಬೇಕಾದ ಇಸ್ತ್ರಿಯ ಬಿಸಿಯನ್ನೂ ತಾಳುವುದಿಲ್ಲವಾದ್ದರಿಂದ ಪಕ್ಕದ ಹತ್ತಿಯ ತುಂಡಿನೊಂದಿಗೆ ಹೊಲಿದು ಚಪ್ಪಟೆ ಮಾಡುವುದು ಕಷ್ಟ.

ಹತ್ತಿ ಮತ್ತು ಲಿನನ್ ತುಂಡುಗಳೆಲ್ಲವನ್ನೂ ಹೊಲಿಯುವ ಮೊದಲು ಬಿಸಿನೀರಿನಲ್ಲಿ ಒಗೆದು ಒಣಗಿಸಿ, ಇಸ್ತ್ರಿ ಮಾಡಿ. ಒಂದು ತುಂಡು ಆಗಲೇ ಕುಗ್ಗಿದ್ದು, ಪಕ್ಕದ್ದು ಇನ್ನೂ ಕುಗ್ಗಬೇಕಾಗಿದ್ದರೆ, ಮಳೆಗಾಲದ ತೇವಕ್ಕೇ ಹೊದಿಕೆ ಅಲ್ಲಲ್ಲಿ ಸುಕ್ಕುಗಟ್ಟುತ್ತದೆ.

ತಂತಿಬೆಳಕು:

ಬಿಸಿಯ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಬಲ್ಬಿನಲ್ಲಿದೆ. ಹಳೆಯ ತಂತು ಬಲ್ಬು ತಾನು ತೆಗೆದುಕೊಂಡ ವಿದ್ಯುತ್ತಿನ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲನ್ನು ಬಿಸಿಯಾಗಿಯೇ ಹೊರಹಾಕುತ್ತದೆ. 60 ವ್ಯಾಟ್ ಬಲ್ಬಿನ ಗಾಜನ್ನು ಉರಿಯುವಾಗ ಮುಟ್ಟಲಾಗುವುದಿಲ್ಲ. ಅಷ್ಟೇ ಬೆಳಕು, ಅಂದರೆ ಸುಮಾರು 800 ಲ್ಯೂಮೆನ್, ಕೊಡುವ ಎಲ್ಇಡಿ ಬಲ್ಬಿಗೆ 8ರಿಂದ 9 ವ್ಯಾಟ್ ಸಾಕು. ತುಂಡುಬಟ್ಟೆಯ ಶೇಡಿನೊಳಗೆ ಎಲ್ಇಡಿ ಬಿಟ್ಟು ಬೇರೇನನ್ನೂ ಹಾಕಬೇಡಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ನಿಮ್ಮ ಬಟ್ಟೆಗೆ ಅಗ್ನಿನಿರೋಧಕ ಪರೀಕ್ಷೆಯಾಗಿಲ್ಲ, ಯಾವ ತುಂಡು ಎಲ್ಲಿಂದ ಬಂತೆಂಬುದಕ್ಕೂ ದಾಖಲೆಯಿಲ್ಲ. ಹೋಲ್ಡರಿನ ಮೇಲೆ ಗರಿಷ್ಠ ವ್ಯಾಟ್ ಎಷ್ಟೆಂದು ಬರೆದಿರುವುದನ್ನು ಮೀರಬಾರದು ಎಂಬ ನಿಯಮವೂ ಇದರ ಜೊತೆಗೆ ಇದ್ದೇ ಇದೆ.

ಎಲ್ಇಡಿ ಬಿಸಿಯಾಗುವುದೇ ಇಲ್ಲವೆಂದು ಭಾವಿಸಬಾರದು. ಅದರ ಬಿಸಿ ಬೆಳಕಿನೊಂದಿಗೆ ಮುಂದಕ್ಕೆ ಹರಿಯದೆ, ಬಲ್ಬಿನ ಬುಡದಲ್ಲಿ ಸೇರಿಕೊಳ್ಳುತ್ತದೆ. ಬುಡಕ್ಕೆ ಗಾಳಿ ಸಿಗದಿದ್ದರೆ ಒಳಗಿನ ಎಲೆಕ್ಟ್ರಾನಿಕ್ ಭಾಗಗಳು ಬೇಗ ಹಾಳಾಗುತ್ತವೆ. ಆದ್ದರಿಂದ ಶೇಡಿನ ಮೇಲ್ಭಾಗ, ಕೆಳಭಾಗ ಎರಡೂ ತೆರೆದೇ ಇರಲಿ; ಧೂಳು ಬೀಳುತ್ತದೆಂದು ಮೇಲೆ ಬಟ್ಟೆ ಮುಚ್ಚಬೇಡಿ. ಸಾಮಾನ್ಯ ಬಲ್ಬಿನ ಅಗಲ 60 ಮಿ.ಮೀ. ಎಂದಿಟ್ಟುಕೊಂಡರೆ, ನಿಮ್ಮ ಚೌಕಟ್ಟಿನ ಮಧ್ಯದಲ್ಲಿ ನಿಂತ ಬಲ್ಬಿಗೂ ಬಟ್ಟೆಗೂ ನಡುವೆ ಕೆಳಗಡೆ 12 ಸೆಂ.ಮೀ., ಮೇಲ್ಗಡೆ 7 ಸೆಂ.ಮೀ. ಜಾಗ ಉಳಿಯುತ್ತದೆ. ಎಲ್ಇಡಿಗೆ ಇದು ಧಾರಾಳ. ಚೌಕಟ್ಟು ಹೋಲ್ಡರಿನ ಮೇಲೆ ಸೊಟ್ಟಗೆ ಕೂತು ಬಲ್ಬು ಒಂದು ಬದಿಗೆ ವಾಲಿದರೆ ಈ ಲೆಕ್ಕ ಕೆಡುತ್ತದೆ, ಅದನ್ನು ಮೊದಲು ಸರಿಪಡಿಸಿ.

ಬಲ್ಬು ಕೊಳ್ಳುವಾಗ ಹಾಲುಗಾಜಿನದನ್ನೇ ಆರಿಸಿಕೊಳ್ಳಿ. ಪಾರದರ್ಶಕ ಗಾಜಿನೊಳಗೆ ಉರಿಯುವ ಎಳೆಗಳು ಕಾಣುವ ಬಲ್ಬು ಪ್ರತಿಯೊಂದು ತಂತಿಯ, ಪ್ರತಿಯೊಂದು ಹೊಲಿಗೆಯ ನೆರಳನ್ನೂ ಚೂಪಾಗಿ ಎರಚುತ್ತದೆ. ಬೆಳಕು ಎಷ್ಟು ಹಳದಿ, ಎಷ್ಟು ಬಿಳಿ ಎಂದು ತಿಳಿಸುವ ಬಣ್ಣದ ತಾಪ 2700 ಕೆಲ್ವಿನ್, ಅಂದರೆ ಹಳದಿ ಬೆಳಕು, ಇದ್ದರೆ ಕೆಂಪು, ಹಳದಿ, ಕಂದು ತುಂಡುಗಳು ತುಂಬಿಕೊಂಡು ಕಾಣುತ್ತವೆ. ನೀಲಿ, ಹಸಿರು ಹೆಚ್ಚಾಗಿದ್ದರೆ 4000 ಕೆಲ್ವಿನ್ ಉತ್ತಮ, ಏಕೆಂದರೆ ಹಳದಿ ಬೆಳಕಿನಲ್ಲಿ ನೀಲಿ ಮಂಕಾಗುತ್ತದೆ.

ಸೂಜಿದಾರ:

ಚಿಂದಿಗಂಟು ಅವರೇ, ಅಂಟಿಸುವುದೋ ಹೊಲಿಯುವುದೋ ಎಂಬುದನ್ನು ನಿಮ್ಮ ಚೌಕಟ್ಟೇ ತೀರ್ಮಾನಿಸುತ್ತದೆ. ಎರಡು ಬಳೆಗಳೂ ಬಿಡಿಬಿಡಿಯಾಗಿದ್ದರೆ ಅವುಗಳನ್ನು ದೂರ ನಿಲ್ಲಿಸಲು ಗಟ್ಟಿ ಹಾಳೆ ಬೇಕೇ ಬೇಕು. ಬಳೆಗಳ ನಡುವೆ ಲಂಬ ತಂತಿಗಳಿದ್ದರೆ ಬಟ್ಟೆಯನ್ನು ಎಳೆದು ಹೊಲಿಯಬಹುದು. ನಿಮ್ಮದು ಯಾವ ಬಗೆಯದೆಂದು ತಿಳಿಸಿ.

ಅದಕ್ಕಿಂತ ಮೊದಲು ಹೊಲಿಗೆಯ ನೆರಳಿನ ಬಗ್ಗೆ ಹೇಳಬೇಕು, ಏಕೆಂದರೆ ತುಂಡುಬಟ್ಟೆಯ ಶೇಡಿನ ಅಂದವೆಲ್ಲ ಅದರಲ್ಲಿದೆ. ಹಾಸುಬಟ್ಟೆಗೋ ಚೀಲಕ್ಕೋ ತುಂಡುಗಳನ್ನು ಜೋಡಿಸುವಾಗ ಹಿಂಬದಿಯ ಅಂಚುಗಳು ಹೇಗಿದ್ದರೂ ನಡೆಯುತ್ತದೆ, ಅವನ್ನು ಯಾರೂ ನೋಡುವುದಿಲ್ಲ. ಶೇಡಿನಲ್ಲಿ ಹಿಂಬದಿಯೆಂಬುದೇ ಇಲ್ಲ. ದೀಪ ಹಚ್ಚಿದೊಡನೆ ಒಳಗಿನ ಪ್ರತಿ ಪದರವೂ ಹೊರಗೆ ಮೂಡುತ್ತದೆ. ಒಂದು ಪದರ ಬೆಳಕಿನ ಅರ್ಧವನ್ನು ಹಾಯಬಿಡುವ ಬಟ್ಟೆಯೆಂದು ಎಣಿಸಿ. ಎರಡು ಪದರವಾದರೆ ಹಾಯುವುದು ಕಾಲು ಭಾಗ, ಮೂರಾದರೆ ಎಂಟರಲ್ಲಿ ಒಂದು ಪಾಲು, ನಾಲ್ಕಾದರೆ ಹದಿನಾರರಲ್ಲಿ ಒಂದು ಪಾಲು. ಈಗ ಸಾಮಾನ್ಯ ಹೊಲಿಗೆಯನ್ನು ನೋಡಿ. 6 ಮಿ.ಮೀ. ಅಂಚು ಬಿಟ್ಟು ಹೊಲಿದು, ಅಂಚುಗಳನ್ನು ಎರಡೂ ಬದಿಗೆ ಬಿಡಿಸಿ ಇಸ್ತ್ರಿ ಮಾಡಿದರೆ, ಗೆರೆಯ ಎರಡೂ ಬದಿಯಲ್ಲಿ ಎರಡೆರಡು ಪದರ ಸೇರಿ 12 ಮಿ.ಮೀ. ಅಗಲದ ಮಬ್ಬು ಪಟ್ಟಿ ಮೂಡುತ್ತದೆ. ಎರಡು ಅಂಚುಗಳನ್ನೂ ಒಂದೇ ಬದಿಗೆ ಮಲಗಿಸಿದರೆ ಪಟ್ಟಿಯ ಅಗಲ ಅರ್ಧಕ್ಕಿಳಿದು, ಮೂರು ಪದರದ ಕಪ್ಪು ಹೆಚ್ಚುತ್ತದೆ. ಎರಡರಲ್ಲೂ ಅಂಚಿನ ಎಳೆಗಳು ಬಿಚ್ಚಿಕೊಂಡು, ಪಟ್ಟಿಯ ಬದಿ ಹರಕುಹರಕಾಗಿ ಕಾಣುತ್ತದೆ. ಒಂದೇ ಒಂದು ತುಂಡು ದಾರ ಒಳಗೆ ಸಿಕ್ಕಿಕೊಂಡಿದ್ದರೂ ಅದು ಹೊರಗೆ ಕೂದಲೆಳೆಯ ಗೀಟಾಗಿ ಬೀಳುತ್ತದೆ.

ನಾನು ಒಪ್ಪುವ ವಿಧಾನ ಅಂಚುಗಳನ್ನು ಒಳಗೇ ಮುಚ್ಚುವ ಹೊಲಿಗೆ. ಒಂದು ತುಂಡಿನ ಅಂಚನ್ನು ಇನ್ನೊಂದಕ್ಕಿಂತ ಸ್ವಲ್ಪ ಹೊರಗೆ ಇಟ್ಟು ಹೊಲಿದು, ಉದ್ದದ ಅಂಚನ್ನು ಗಿಡ್ಡ ಅಂಚಿನ ಮೇಲೆ ಮಡಚಿ, ಆ ಮಡಿಕೆಯನ್ನು ಬಟ್ಟೆಗೆ ಮಲಗಿಸಿ ಎರಡನೆಯ ಸಲ ಹೊಲಿಯಬೇಕು. ಅಂಗಿಗಳ ಪಕ್ಕದ ಹೊಲಿಗೆಯಲ್ಲಿ, ಜೀನ್ಸ್‌ನ ಕಾಲಿನಲ್ಲಿ ಇದನ್ನು ನೀವು ನೋಡಿಯೇ ಇರುತ್ತೀರಿ. ಅಲ್ಲಿ ಅದು ಬಲಕ್ಕಾಗಿ. ಇಲ್ಲಿ ಅದನ್ನು 4 ಮಿ.ಮೀ. ಅಗಲಕ್ಕೆ ಇಳಿಸಿದರೆ ನಾಲ್ಕು ಪದರಗಳ ಅಚ್ಚುಕಟ್ಟಾದ ಕಪ್ಪು ಗೆರೆ ಸಿಗುತ್ತದೆ. ಕೊರಿಯಾದಲ್ಲಿ ಉಳಿದ ತುಂಡುಗಳಿಂದಲೇ ಹೊಲಿಯುವ ಜೊಗಕ್‌ಬೊ ಎಂಬ ಸುತ್ತುಬಟ್ಟೆಗಳು ಈ ತತ್ತ್ವದ ಮೇಲೆಯೇ ನಿಂತಿವೆ. ತೆಳು ರೇಷ್ಮೆ ಅಥವಾ ರ‍್ಯಾಮಿ ನಾರಿನ ತುಂಡುಗಳನ್ನು ಎರಡೂ ಬದಿ ಮುಚ್ಚಿದ ಹೊಲಿಗೆಯಿಂದ ಜೋಡಿಸಿರುವುದರಿಂದ, ಅವುಗಳನ್ನು ಕಿಟಕಿಗೆ ಹಿಡಿದರೆ ಸೀಸದ ಪಟ್ಟಿಗಳ ನಡುವೆ ಕೂರಿಸಿದ ಬಣ್ಣದ ಗಾಜಿನಂತೆ ಕಾಣುತ್ತವೆ. ಗೆರೆ ಕಪ್ಪಗೆ ಕಾಣುವುದು ದೋಷವಲ್ಲ. ಮಬ್ಬಾಗಿ, ಅಗಲವಾಗಿ, ಹರಕಾಗಿ ಕಾಣುವುದು ದೋಷ. ಈ ಹೊಲಿಗೆಗೆ ಸಮಯ ಹಿಡಿಯುತ್ತದೆ ನಿಜ, ಆದರೆ ದೀಪ ಪ್ರತಿ ಸಂಜೆಯೂ ಅದನ್ನೇ ತೋರಿಸುವಾಗ ಇಲ್ಲಿ ಸಮಯ ಉಳಿಸುವುದರಲ್ಲಿ ಅರ್ಥವಿಲ್ಲ.

ಚಿಂದಿಗಂಟು:

ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಹೊಳಪಿನ ತುಂಡುಗಳು ಸುಟ್ಟು ನೋಡಿದಾಗ ಕರಗಿ ಮಣಿಯಾದವು, ಅವುಗಳನ್ನು ಬದಿಗಿಟ್ಟಿದ್ದೇನೆ. ನನ್ನ ಚೌಕಟ್ಟಿನಲ್ಲಿ ಬಳೆಗಳ ನಡುವೆ ಸಮಾನ ದೂರದಲ್ಲಿ ಆರು ಲಂಬ ತಂತಿಗಳಿವೆ. ಎರಡು ಕಡೆ ಬೆಸುಗೆಯ ಹತ್ತಿರ ತುಕ್ಕು ಹಿಡಿದಿದೆ.

ಅಳತೆಪಟ್ಟಿ:

ಲಂಬ ತಂತಿಗಳಿದ್ದರೂ ಗಟ್ಟಿ ಹಾಳೆಯ ವಿಧಾನವನ್ನು ಕೈಬಿಡುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಹೊಸಬರಿಗೆ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಹೊಲಿಯುವುದು ಕಠಿಣ, ಹಾಳೆಗೆ ಅಂಟಿಸಿದರೆ ಸುಕ್ಕಿನ ಪ್ರಶ್ನೆಯೇ ಏಳುವುದಿಲ್ಲ. ಆಕಾರದ ಲೆಕ್ಕವೂ ಸರಳವಾಗಿದೆ.

ಮೇಲೆ ಕಿರಿದು, ಕೆಳಗೆ ಅಗಲ ಇರುವ ಶೇಡನ್ನು ಬಿಚ್ಚಿ ಹರಡಿದರೆ ಬರುವುದು ಆಯತವಲ್ಲ, ಬಾಗಿದ ಪಟ್ಟಿ. ಅದರ ಹೊರಬಾಗಿನ ತ್ರಿಜ್ಯ ತಿಳಿಯಲು ಕೆಳಗಿನ ವ್ಯಾಸವನ್ನು ಇಳಿಜಾರಿನ ಉದ್ದದಿಂದ ಗುಣಿಸಿ, ಎರಡು ವ್ಯಾಸಗಳ ವ್ಯತ್ಯಾಸದಿಂದ ಭಾಗಿಸಬೇಕು. ನಿಮ್ಮ ಅಳತೆಯಲ್ಲಿ 30ನ್ನು 20ರಿಂದ ಗುಣಿಸಿ 10ರಿಂದ ಭಾಗಿಸಿದರೆ 60 ಸೆಂ.ಮೀ. ಬಂತು. ಒಳಬಾಗಿನ ತ್ರಿಜ್ಯ ಅದಕ್ಕಿಂತ ಇಳಿಜಾರಿನಷ್ಟು ಕಡಿಮೆ, ಅಂದರೆ 40 ಸೆಂ.ಮೀ. ಕೋನಕ್ಕಾಗಿ 180ನ್ನು ಕೆಳಗಿನ ವ್ಯಾಸದಿಂದ ಗುಣಿಸಿ ಹೊರ ತ್ರಿಜ್ಯದಿಂದ ಭಾಗಿಸಿ. ಇಲ್ಲಿ ಅದು ಸರಿಯಾಗಿ 90 ಡಿಗ್ರಿ. ಹಾಗಾಗಿ ನಿಮಗೆ ಕೋನಮಾಪಕವೂ ಬೇಡ. ದೊಡ್ಡ ಕಾಗದದ ಒಂದು ಮೂಲೆಗೆ ಗುಂಡುಸೂಜಿ ಚುಚ್ಚಿ, ಹಿಗ್ಗದ ದಾರಕ್ಕೆ ಪೆನ್ಸಿಲ್ ಕಟ್ಟಿ, 60 ಮತ್ತು 40 ಸೆಂ.ಮೀ.ಗೆ ಎರಡು ಕಮಾನು ಎಳೆದರೆ ಕಾಗದದ ಎರಡು ಬದಿಗಳೇ ಅದರ ಕೊನೆಗಳಾಗುತ್ತವೆ. ಹೊರಗಿನ ಕಮಾನು 94.2 ಸೆಂ.ಮೀ. ಬರಬೇಕು, ಅದು ನಿಮ್ಮ ಕೆಳಬಳೆಯ ಸುತ್ತಳತೆ. ಆದರೂ ಹಳೆಯ ಬಳೆಗಳು ಕೆಲವೊಮ್ಮೆ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಟೇಪನ್ನು ಬಳೆಯ ಹೊರಮೈಗೆ ಸುತ್ತಿ ಅಳೆದು, ಲೆಕ್ಕದೊಂದಿಗೆ ತಾಳೆ ನೋಡಿ. ಒಂದು ಕೊನೆಯಲ್ಲಿ ಒಂದರ ಮೇಲೊಂದು ಕೂರಲು 1.5 ಸೆಂ.ಮೀ. ಹೆಚ್ಚಿಗೆ ಬಿಡಿ.

ಹಾಳೆ ಮಾತ್ರ ಶೇಡಿಗೆಂದೇ ಮಾರುವ, ಬೆಂಕಿ ತಾಗಿದರೂ ಉರಿ ಹಬ್ಬದ, ಒಂದು ಬದಿ ಅಂಟಿರುವ ಪಿವಿಸಿ ಹಾಳೆಯಾಗಿರಬೇಕು. ರಟ್ಟು ಅಥವಾ ಪೊಟ್ಟಣದ ಪ್ಲಾಸ್ಟಿಕ್ ಅದಕ್ಕೆ ಬದಲಿಯಲ್ಲ.

ಸೂಜಿದಾರ:

ಅಳತೆಪಟ್ಟಿ ಅವರ ಲೆಕ್ಕ ಸರಿಯಾಗಿದೆ, ತೀರ್ಮಾನವನ್ನು ಮಾತ್ರ ಒಪ್ಪಲಾರೆ. ತುಂಡುಜೋಡಣೆಯ ಬಟ್ಟೆಯನ್ನು ಅಂಟು ಹಾಳೆಯ ಮೇಲೆ ಮಲಗಿಸಿದಾಗ ಪ್ರತಿ ಹೊಲಿಗೆಯ ಉಬ್ಬಿನ ಎರಡೂ ಬದಿಯಲ್ಲಿ ಹಾಳೆಗೂ ಬಟ್ಟೆಗೂ ನಡುವೆ ಸಣ್ಣ ಗಾಳಿಯ ಕಾಲುವೆ ಉಳಿಯುತ್ತದೆ. ಅಲ್ಲಿ ಅಂಟು ಹಿಡಿಯುವುದಿಲ್ಲ. ದೀಪ ಹಚ್ಚಿದಾಗ ಗೆರೆಯ ಪಕ್ಕದಲ್ಲಿ ಇನ್ನೊಂದು ಮಸುಕು ಗೆರೆ ಕಾಣಿಸಿಕೊಳ್ಳುತ್ತದೆ. ಒಂದೇ ಬಟ್ಟೆಯ ಶೇಡಿಗೆ ಹಾಳೆ ಅತ್ಯುತ್ತಮ. ಹೊಲಿಗೆಗಳೇ ತುಂಬಿರುವ ಬಟ್ಟೆಗೆ ಅಲ್ಲ. ಅದೂ ಅಲ್ಲದೆ ಆರು ತಂತಿಗಳ ಚೌಕಟ್ಟು ತುಂಡುಬಟ್ಟೆಗೆ ಹೇಳಿ ಮಾಡಿಸಿದ್ದು. ಇಡೀ ಹೊದಿಕೆಯನ್ನು ಒಂದೇ ಸಲ ಎಳೆಯುವ ಬದಲು ಆರು ಬಿಡಿ ಫಲಕಗಳಾಗಿ ಹೊಲಿದು, ಒಂದೊಂದನ್ನೂ ಎರಡು ತಂತಿಗಳ ನಡುವೆ ಕೂರಿಸಬಹುದು. ಪ್ರತಿ ಫಲಕ ಕೆಳಗೆ 15.7, ಮೇಲೆ 10.5, ಇಳಿಜಾರಿಗೆ 20 ಸೆಂ.ಮೀ.; ಎರಡು ಅಂಗೈಯಷ್ಟಿರುವ ನಿಮ್ಮ ತುಂಡುಗಳಲ್ಲಿ ಮೂರೋ ನಾಲ್ಕೋ ಸೇರಿದರೆ ಒಂದು ಫಲಕ.

ಮೊದಲು ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಲೋಹಕ್ಕೆ ಹಚ್ಚುವ ಬಿಳಿ ಎನಾಮೆಲ್ ಬಣ್ಣ ಹಚ್ಚಿ, ವಾಸನೆ ಹೋಗುವವರೆಗೆ ಒಣಗಲು ಬಿಡಿ. ಇದನ್ನು ಬಿಟ್ಟರೆ ಮಳೆಗಾಲದಲ್ಲಿ ಕಂದು ಕಲೆ ಬಟ್ಟೆಗೆ ಇಳಿಯುತ್ತದೆ, ಅದು ಒಗೆದರೂ ಹೋಗದು. ಆಮೇಲೆ ಎಲ್ಲ ತಂತಿಗಳಿಗೂ 1 ಸೆಂ.ಮೀ. ಅಗಲದ ಹತ್ತಿಯ ಪಟ್ಟಿಯನ್ನು ಓರೆಯಾಗಿ, ಒಂದು ಸುತ್ತು ಇನ್ನೊಂದರ ಅಂಚನ್ನು ಮುಚ್ಚುವಂತೆ ಸುತ್ತಬೇಕು. ಪಟ್ಟಿಯ ಉದ್ದ ತಂತಿಯ ಉದ್ದಕ್ಕೆ ಸುಮಾರು ಎರಡರಷ್ಟು ಬೇಕಾಗುತ್ತದೆ. ನಿಮ್ಮ ಚೌಕಟ್ಟಿಗೆ ಐದೂವರೆ ಮೀಟರಿನ ಮೇಲೆ ಸ್ವಲ್ಪ. ಸುತ್ತಿದ ಮೇಲೆ ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ತಿರುಚಿ ನೋಡಿ. ಪಟ್ಟಿ ತಂತಿಯ ಮೇಲೆ ತಿರುಗಿದರೆ ಬಿಚ್ಚಿ ಇನ್ನಷ್ಟು ಬಿಗಿಯಾಗಿ ಸುತ್ತಿ, ಏಕೆಂದರೆ ಹೊದಿಕೆಯ ಸೆಳೆತವನ್ನೆಲ್ಲ ಹಿಡಿದುಕೊಳ್ಳುವುದು ಈ ಪಟ್ಟಿಯೇ.

ಫಲಕವನ್ನು ಸುತ್ತಲೂ 3 ಸೆಂ.ಮೀ. ಹೆಚ್ಚಿಗೆ ಇಟ್ಟು ಕತ್ತರಿಸಿ. ಮೊದಲು ಮೇಲೆ ಕೆಳಗೆ, ಬಳಿಕ ಎರಡು ಬದಿಗೆ ಗುಂಡುಸೂಜಿ ಚುಚ್ಚಿ ಎಳೆಯುತ್ತ ಬನ್ನಿ. ಸುಕ್ಕು ಅಡ್ಡಡ್ಡಲಾಗಿ ಕಂಡರೆ ಬಟ್ಟೆಯನ್ನು ಮೇಲಕ್ಕೆ ಕೆಳಕ್ಕೆ ಎಳೆಯಬೇಕು. ಉದ್ದುದ್ದ ಕಂಡರೆ ಬದಿಗಳಿಗೆ. ಓರೆಯಾಗಿ ಕಂಡರೆ ಸುಕ್ಕಿಗೆ ಅಡ್ಡಲಾಗಿರುವ ಎರಡು ಮೂಲೆಗಳಿಗೆ. ಸೂಜಿಗಳನ್ನು ಮತ್ತೆ ಮತ್ತೆ ಕಿತ್ತು ಚುಚ್ಚುವುದು ಈ ಕೆಲಸದ ಸಹಜ ಭಾಗ. ಒಂದು ಬಿಟ್ಟು ಒಂದರಂತೆ ಮೂರು ಫಲಕಗಳನ್ನು ಮೊದಲು ಹೊಲಿದು ಮುಗಿಸಿ, ಉಳಿದ ಮೂರನ್ನು ಆಮೇಲೆ ಕೂರಿಸಿದರೆ ಕೈಗೆ ಜಾಗ ಸಿಗುತ್ತದೆ. ಎರಡೆಳೆ ದಾರದಲ್ಲಿ, ತಂತಿಯ ಹೊರಮೈಯಲ್ಲಿ, ಪಟ್ಟಿಯನ್ನು ಹಿಡಿದು ಬ್ಯಾಕ್ ಸ್ಟಿಚ್ (ಪ್ರತಿ ಸಲ ಸೂಜಿಯನ್ನು ಸ್ವಲ್ಪ ಹಿಂದಕ್ಕೆ ತಂದು ಹಾಕುವ ಹೊಲಿಗೆ) ಹಾಕಿ. ಹೆಚ್ಚಿನ ಬಟ್ಟೆಯನ್ನು ಹೊಲಿಗೆಯ ಪಕ್ಕಕ್ಕೇ ಕತ್ತರಿಸಿ, ಆ ಗೆರೆಯ ಮೇಲೆ ಕ್ರಾಸ್ ಪಟ್ಟಿ (ನೇಯ್ಗೆಗೆ ಓರೆಯಾಗಿ ಕತ್ತರಿಸಿದ ಬಟ್ಟೆಯ ಪಟ್ಟಿ) ಮುಚ್ಚಿ ಕೈಹೊಲಿಗೆ ಹಾಕಿದರೆ ತಂತಿಯೂ ಮರೆಯಾಗುತ್ತದೆ, ಕಚ್ಚಾ ಅಂಚೂ ಮರೆಯಾಗುತ್ತದೆ.

ಅಳತೆಪಟ್ಟಿ:

ಹೊಲಿಗೆಯ ಪಕ್ಕದ ಗಾಳಿಯ ಗೆರೆಯ ಮಾತು ನಿಜ, ಆರು ಫಲಕಗಳ ವಿಧಾನ ಈ ಚೌಕಟ್ಟಿಗೆ ಹೆಚ್ಚು ಸರಿ ಎಂಬುದನ್ನು ಒಪ್ಪುತ್ತೇನೆ. ಬಿಡಿಬಳೆಗಳಿರುವವರು ಹಾಳೆಯನ್ನೇ ಬಳಸಬೇಕಾದಾಗ, ಬಾಗುವ ಕೊನೆಯ ಜೋಡಣೆಯನ್ನು ಬಟ್ಟೆಯ ಒಂದು ಉದ್ದ ಹೊಲಿಗೆಯ ಮೇಲೆಯೇ ಬರುವಂತೆ ಯೋಜಿಸಿಕೊಳ್ಳಿ. ಹತ್ತು ಗೆರೆಗಳ ನಡುವೆ ಅದು ಹನ್ನೊಂದನೆಯದಾಗಿ ಸೇರಿಹೋಗುತ್ತದೆ, ಗೋಡೆಯ ಕಡೆಗೆ ತಿರುಗಿಸಿ ಮರೆಮಾಡುವ ಅಗತ್ಯ ಬೀಳುವುದಿಲ್ಲ.

ಇಳಿಬೆಳಕು:

ತುಂಡುಗಳನ್ನು ಯಾವ ಕ್ರಮದಲ್ಲಿ ಇಡಬೇಕೆಂಬುದನ್ನು ಇನ್ನೂ ಯಾರೂ ಹೇಳಿಲ್ಲ. ಬಣ್ಣಕ್ಕಿಂತ ಮೊದಲು ಸಾಂದ್ರತೆಯನ್ನು ಹೊಂದಿಸಿಕೊಳ್ಳಿ. ಬಲ್ಬಿನ ಎತ್ತರಕ್ಕೆ ಬರುವ ಪಟ್ಟಿಯಲ್ಲಿ ಬೆಳಕು ಅತಿ ಪ್ರಖರವಾಗಿರುತ್ತದೆ. ಅಲ್ಲಿ ಎಲ್ಲಕ್ಕಿಂತ ತೆಳುವಾದ ತುಂಡಿಟ್ಟರೆ ಕಣ್ಣು ಕುಕ್ಕುವ ಬಿಳಿ ಮಚ್ಚೆಯಾಗಿ, ಪಕ್ಕದ ಬಣ್ಣಗಳೆಲ್ಲ ಸೋಲುತ್ತವೆ. ಸ್ವಲ್ಪ ದಟ್ಟ ನೇಯ್ಗೆಯ ಹತ್ತಿ, ಲಿನನ್ ಆ ಎತ್ತರಕ್ಕೆ ಬರಲಿ. ರೇಷ್ಮೆ ಮತ್ತು ತೆಳು ಹತ್ತಿ ಮೇಲಿನ, ಕೆಳಗಿನ ಅಂಚಿಗೆ ಹೋಗಲಿ. ದಪ್ಪ ಬಟ್ಟೆಯ ಒಂದು ತುಂಡನ್ನು ಬೇಕೆಂದೇ ಇಟ್ಟು ಪೂರ್ತಿ ಕಪ್ಪಾಗಿಸುವುದೂ ಚೆಂದವೇ, ಆದರೆ ಅಂಥದ್ದು ಒಂದು ಫಲಕಕ್ಕೆ ಒಂದಕ್ಕಿಂತ ಹೆಚ್ಚಾದರೆ ದೀಪ ಮಂಕಾಗುತ್ತದೆ.

ಹೊಲಿಯುವ ಮೊದಲು ಒಂದು ಫಲಕದಷ್ಟು ತುಂಡುಗಳನ್ನು ಕಿಟಕಿಯ ಗಾಜಿಗೆ ಟೇಪಿನಿಂದ ಅಂಟಿಸಿ, ದೂರ ನಿಂತು ನೋಡಿ. ಗಾಜಿನ ಹಿಂದೆ ಹಗಲು ಇರುವಾಗ ತುಂಡುಗಳ ಸಾಂದ್ರತೆಯ ಹೆಚ್ಚುಕಡಿಮೆ ಸರಿಯಾಗಿ ತಿಳಿಯುತ್ತದೆ. ಬಣ್ಣವನ್ನು ಮಾತ್ರ ರಾತ್ರಿ ಬಲ್ಬಿನ ಮುಂದೆಯೇ ನಿರ್ಧರಿಸಬೇಕು.

ಒಳಗೆ ಬಿಳಿಯ ಅಸ್ತರು ಹಾಕುವವರಿದ್ದಾರೆ. ಅದು ಒಳಗಿನ ಬೆಳಕನ್ನು ಮೇಲಕ್ಕೂ ಕೆಳಕ್ಕೂ ಮರಳಿಸುತ್ತದೆ, ಬಟ್ಟೆಗಳ ನಡುವಿನ ವ್ಯತ್ಯಾಸವನ್ನು ತಗ್ಗಿಸುತ್ತದೆ. ಸಾಮಾನ್ಯ ಹೊಲಿಗೆಯ ಹರಕು ಅಂಚುಗಳಿದ್ದರೆ ಅಸ್ತರು ಅವುಗಳನ್ನು ಮರೆಮಾಡುವುದಿಲ್ಲ, ಸ್ವಲ್ಪ ಮೃದುಗೊಳಿಸುತ್ತದೆ ಅಷ್ಟೇ. ಮುಚ್ಚಿದ ಹೊಲಿಗೆ ಹಾಕಿದ ಮೇಲೆ ಅಸ್ತರು ಬೇಡವೇ ಬೇಡ ಎಂದು ನನಗನಿಸುತ್ತದೆ. ಇನ್ನೊಂದು ಪದರ ಸೇರಿಸಿ ಬೆಳಕನ್ನು ಅರ್ಧಕ್ಕಿಳಿಸಲು ಕಾರಣ ಕಾಣುವುದಿಲ್ಲ.

ಹೊಸಸೂಜಿ:

ನಾನೂ ಇದನ್ನು ಮಾಡಲು ಹೊರಟಿದ್ದೇನೆ. ಹೊಲಿಗೆಯ ಬದಲು ಬಿಸಿ ಅಂಟಿನ ಗನ್ ಬಳಸಬಹುದೇ? ಬಟ್ಟೆಗೆ ಬೆಂಕಿ ಹತ್ತದಂತೆ ಮನೆಯಲ್ಲೇ ಏನಾದರೂ ದ್ರಾವಣ ಹಚ್ಚುವ ಕ್ರಮವಿದೆ ಎಂದೂ ಕೇಳಿದ್ದೇನೆ, ಅದು ನಂಬಬಹುದಾದದ್ದೇ?

ತಂತಿಬೆಳಕು:

ಬಿಸಿ ಅಂಟು ಬಿಸಿಯಿಂದಲೇ ಕರಗಿ ಹಿಡಿಯುವ ವಸ್ತು. ಮತ್ತೆ ಬಿಸಿ ತಾಗಿದರೆ ಮತ್ತೆ ಮೆದುವಾಗುತ್ತದೆ. ಎಲ್ಇಡಿಯ ಶೇಡಿನಲ್ಲಿ ಅದು ಕೂಡಲೇ ಬಿಟ್ಟುಕೊಳ್ಳದಿರಬಹುದು, ಆದರೆ ಮುಂದೊಮ್ಮೆ ಯಾರೋ ತಂತು ಬಲ್ಬು ಹಾಕಿದ ದಿನ ಬಟ್ಟೆ ಜಾರಿ ಬಲ್ಬಿನ ಮೇಲೆ ಬೀಳುವ ಅಪಾಯವಿದೆ. ಎಳೆದು ಕೂರಿಸುವ ಹೊದಿಕೆಗೆ ದಾರವೇ ಸರಿ. ಅಂಟಿನ ಉಂಡೆ ಬೆಳಕಿನಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆಂಬುದೂ ನೆನಪಿರಲಿ. ಗಂಜಿಯ ಅಂಟನ್ನಂತೂ ಬಳಸಬೇಡಿ, ಅದು ಜಿರಳೆ ಮತ್ತು ಬೆಳ್ಳಿಮೀನು ಹುಳುಗಳನ್ನು ಕರೆಯುತ್ತದೆ.

ದ್ರಾವಣದ ಮಾತು ಹಳೆಯದು, ಆಧಾರವಿರುವಂಥದ್ದೂ ಹೌದು. 1821ರಲ್ಲಿ ಫ್ರಾನ್ಸ್‌ನ ರಸಾಯನವಿಜ್ಞಾನಿ ಗೇ-ಲ್ಯುಸಾಕ್ ಅಮೋನಿಯಂ ಫಾಸ್ಫೇಟ್, ಬೊರಾಕ್ಸ್ ಮುಂತಾದ ಲವಣಗಳು ಬಟ್ಟೆಗೆ ಉರಿ ಹಬ್ಬದಂತೆ ತಡೆಯುವುದನ್ನು ಪರೀಕ್ಷಿಸಿ ಬರೆದಿದ್ದಾನೆ. ಆದರೆ ಈ ಲವಣಗಳು ನೀರಿನಲ್ಲಿ ಕರಗುವಂಥವು. ಒಮ್ಮೆ ಒಗೆದರೆ ಹೊರಟುಹೋಗುತ್ತವೆ. ಒಣಗಿದಾಗ ಕೆಲವು ಬಟ್ಟೆಗಳ ಮೇಲೆ ಬಿಳಿ ಹುಡಿ ಉಳಿಯುತ್ತದೆ, ರೇಷ್ಮೆಯ ಬಣ್ಣವೂ ಕೆಡಬಹುದು. ಬೋರಿಕ್ ಆಮ್ಲ, ಬೊರಾಕ್ಸ್ ದೇಹದೊಳಗೆ ಹೋಗಬಾರದ ವಸ್ತುಗಳಾದ್ದರಿಂದ ಮಕ್ಕಳಿರುವ ಮನೆಯಲ್ಲಿ ನಾನು ಅವುಗಳನ್ನು ಸೂಚಿಸುವುದಿಲ್ಲ. ಅದಕ್ಕಿಂತಲೂ ದೊಡ್ಡ ಆಕ್ಷೇಪವೆಂದರೆ, ದ್ರಾವಣ ಹಚ್ಚಿದ್ದೇನೆಂಬ ಧೈರ್ಯದಲ್ಲಿ ಬಿಸಿ ಬಲ್ಬು ಹಾಕುವ ಮನಸ್ಸಾಗುತ್ತದೆ. ತಣ್ಣಗಿನ ಬಲ್ಬು, ತೆರೆದ ಮೇಲ್ಭಾಗ, ಸಾಕಷ್ಟು ಅಂತರ, ಇವು ಮೂರೇ ನಿಜವಾದ ಕಾವಲು. ಶೇಡ್ ಸಿದ್ಧವಾದ ಮೇಲೆ ಮೊದಲ ಸಲ ನೀವು ಕೋಣೆಯಲ್ಲಿರುವಾಗಲೇ ಒಂದೆರಡು ಗಂಟೆ ಉರಿಸಿ, ಬಟ್ಟೆಯ ಮೇಲ್ಭಾಗಕ್ಕೆ ಒಳಗಿನಿಂದ ಅಂಗೈ ಇಟ್ಟು ನೋಡಿ. ಬೆಚ್ಚಗೆನಿಸಿದರೆ ಸಮಸ್ಯೆಯಿಲ್ಲ; ಕೈ ಇಡಲು ಹಿತವೆನಿಸದಿದ್ದರೆ ಬಲ್ಬನ್ನು ಬದಲಿಸಿ. ಶೇಡನ್ನು ಕೂರಿಸುವಾಗಲೂ ತೆಗೆಯುವಾಗಲೂ ಪ್ಲಗ್ ಕಿತ್ತಿರಬೇಕು.

ಚಿಂದಿಗಂಟು:

ನಾಲ್ಕು ಫಲಕಗಳು ಕೂತಿವೆ. ಮುಚ್ಚಿದ ಹೊಲಿಗೆಯ ಗೆರೆಗಳು ಸೂಜಿದಾರ ಅವರು ಹೇಳಿದಂತೆಯೇ ಸ್ಪಷ್ಟವಾಗಿ ಬಂದಿವೆ. ಒಂದು ಫಲಕದಲ್ಲಿ ಹಳೆಯ ಅಂಗಿಯ ಗುಂಡಿಪಟ್ಟಿಯ ತುಂಡನ್ನು ಸೇರಿಸಿದ್ದೇನೆ. ದೀಪ ಹಚ್ಚಿದಾಗ ಕಾಜಾ ತೂತಿನ ಸುತ್ತಲಿನ ದಾರದ ಅಂಚು ಕಪ್ಪಗೆ, ತೂತು ಮಾತ್ರ ಉದ್ದನೆಯ ಹೊಳಪಿನ ಸೀಳಾಗಿ ಕಾಣುತ್ತದೆ. ಅದನ್ನು ಹೊಲಿದು ಮುಚ್ಚದೆ ಹಾಗೆಯೇ ಬಿಡಲು ನಿರ್ಧರಿಸಿದ್ದೇನೆ.

ಇನ್ನು ಉಳಿದಿರುವ ಪ್ರಶ್ನೆ ಶುಚಿಗೊಳಿಸುವುದರ ಬಗ್ಗೆ. ಪೂರ್ತಿ ಹೊಲಿದ ಶೇಡನ್ನು ಒಗೆಯಬಹುದೇ? ದೀಪ ಕಿಟಕಿಯ ಹತ್ತಿರ ಇರುವುದರಿಂದ ಒಂದು ಬದಿ ಬಿಸಿಲಿಗೆ ಮಾಸಬಹುದೆಂಬ ಚಿಂತೆಯೂ ಇದೆ.

ಸೂಜಿದಾರ:

ಒಗೆಯಬಹುದು, ಅಂಟು ಬಳಸಿಲ್ಲವಾದರೆ ಮಾತ್ರ. ಹಾಗೆಂದು ಆಗಾಗ ಒಗೆಯಬೇಡಿ. ಮೆತ್ತನೆಯ ಬಣ್ಣದ ಕುಂಚದಿಂದ ವಾರಕ್ಕೊಮ್ಮೆ ಮೇಲಿನಿಂದ ಕೆಳಕ್ಕೆ ಧೂಳು ಗುಡಿಸಿದರೆ ಬಹುಕಾಲ ಸಾಕಾಗುತ್ತದೆ. ಕ್ರಾಸ್ ಪಟ್ಟಿಯ ಅಂಚಿನಲ್ಲಿ, ಕೆಳಬಳೆಯ ಒಳಮಗ್ಗುಲಲ್ಲಿ ಧೂಳು ಹೆಚ್ಚು ಕೂರುತ್ತದೆ. ಒಗೆಯಲೇಬೇಕಾದಾಗ ಉಗುರುಬೆಚ್ಚಗಿನ ನೀರಿಗೆ ಸೌಮ್ಯ ಸೋಪು ಕಲಸಿ, ಇಡೀ ಶೇಡನ್ನು ಮುಳುಗಿಸಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಶುದ್ಧ ನೀರಿನಲ್ಲಿ ಎರಡು ಸಲ ಅದ್ದಿ, ಫ್ಯಾನಿನ ಕೆಳಗೆ ತಿರುಗಿಸುತ್ತ ಬೇಗ ಒಣಗಿಸಿ; ತೇವ ನಿಂತಷ್ಟೂ ಒಳಗಿನ ತಂತಿಗೆ ತುಕ್ಕು ಹಿಡಿಯುವ ಸಂಭವ ಹೆಚ್ಚು. ಗಾಢ ಬಣ್ಣದ ತುಂಡುಗಳು ಬಣ್ಣ ಬಿಡುತ್ತವೆಯೇ ಎಂಬುದನ್ನು ಒದ್ದೆ ಬಿಳಿಬಟ್ಟೆಯಿಂದ ಒತ್ತಿ ಮೊದಲೇ ಪರೀಕ್ಷಿಸಿಕೊಳ್ಳಿ, ಬಿಟ್ಟರೆ ಅದ್ದುವ ಯೋಚನೆಯನ್ನೇ ಕೈಬಿಡಿ.

ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಸೋಲುವುದು ರೇಷ್ಮೆ. ಬಣ್ಣ ಮಾಸುವುದಲ್ಲದೆ ನೂಲೇ ಸ್ವಲ್ಪಸ್ವಲ್ಪವಾಗಿ ಶಕ್ತಿ ಕಳೆದುಕೊಂಡು, ಎಳೆದು ಕೂರಿಸಿದ ಜಾಗದಲ್ಲಿ ಸೀಳುತ್ತದೆ. ಆದ್ದರಿಂದ ರೇಷ್ಮೆ ಇರುವ ಫಲಕಗಳನ್ನು ಕೋಣೆಯ ಕಡೆಗೆ, ಹತ್ತಿಯವುಗಳನ್ನು ಕಿಟಕಿಯ ಕಡೆಗೆ ತಿರುಗಿಸಿಡಿ. ಹಾಗೂ ಒಂದು ಫಲಕ ಹಾಳಾದರೆ, ಅದರ ಎರಡು ಬದಿಯ ಕ್ರಾಸ್ ಪಟ್ಟಿಗಳನ್ನು ಮತ್ತು ಆ ಭಾಗದ ಬಳೆಗಳ ಮೇಲಿನ ಹೊಲಿಗೆಯನ್ನು ಬಿಚ್ಚಿ, ಪಕ್ಕದವನ್ನು ಅಲುಗಿಸದೆ ಅದೊಂದನ್ನೇ ಬದಲಿಸಬಹುದು. ಇದಕ್ಕಾಗಿ ಫಲಕದ ಕಾಗದದ ಅಚ್ಚನ್ನು, ಕ್ರಾಸ್ ಪಟ್ಟಿಯ ಉಳಿಕೆ ಬಟ್ಟೆಯನ್ನು ಒಂದು ಲಕೋಟೆಯಲ್ಲಿ ಹಾಕಿ, ಅಚ್ಚಿನ ಮೇಲೆ ಯಾವುದು ಮೇಲಂಚು, ಹೊಲಿಗೆಯ ಗೆರೆ ಎಲ್ಲಿ, ಹೆಚ್ಚಿಗೆ ಬಿಟ್ಟದ್ದು ಎಷ್ಟು ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ.